ಹಿಂದಕ್ಕೆ ಹೋಗದ ವ್ಯಾನು

ಎಲ್ಲದಕ್ಕೂ ಕಾರಣ ನಾಲ್ಕೇ ನಾಲ್ಕು ಹನಿ ಎಣ್ಣೆ. ಅದೂ ಕೆಂಪು ಎಣ್ಣೆ.

ಬೆಳಿಗ್ಗೆ ಆರೂವರೆಗೆ ಹಾಲು ತರಲು ಸರ್ಕಲ್‌ವರೆಗೆ ಹೋದ ಹೆಂಡತಿ ಹಾಲಿನ ಪಾಕೀಟನ್ನು ಎದೆಗೊತ್ತಿಕೊಂಡು ಓಡುತ್ತಾ ಬಂದಳು.

"ರೀ, ಏಳ್ರಿ ಮೇಲೆ! ನಿಮ್ಮ ವ್ಯಾನಿನ ಕೆಳಗೆ ರಕ್ತ ಬಿದ್ದಿದೆ. ನಿನ್ನೆ ಯಾರಿಗೆ ಗುದ್ದಿದ್ರಿ? ನಾಯಿಗಾ, ಮನುಷ್ಯರಿಗಾ? ಮೊದಲು ಅದನ್ನ ಹೇಳಿ."

ಹಾಸಿಗೆಯಲ್ಲಿದ್ದ ಗಿರಿಗಿಟ್ಲೆ ಕಣ್ಣು ಬಿಡದೆಯೇ ಹೇಳಿದ: "ರಕ್ತ ಅಲ್ವೇ ಅದು. ಗೇರ್ ಎಣ್ಣೆ. ಆಟೋಮ್ಯಾಟಿಕ್ ಗಾಡಿಗೆ ಹಾಕೋ ಎಣ್ಣೆ ಕೆಂಪಗೇ ಇರುತ್ತೆ."

"ಅದು ಗಾಡಿ ಒಳಗಿರಬೇಕೋ, ರಸ್ತೆ ಮೇಲಿರಬೇಕೋ?"

ಮನುಷ್ಯ ಮುಖ ತೊಳೆಯುವ ಮೊದಲು ಕೇಳಬಾರದ ಪ್ರಶ್ನೆ ಇದು. ಗಿರಿಗಿಟ್ಲೆ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡ.

ಗಿರಿಗಿಟ್ಲೆ ಅಂತ ಹೆತ್ತವರು ಇಟ್ಟ ಹೆಸರಲ್ಲ, ಲಾಂಡ್ರಿಯವರು ಇಟ್ಟದ್ದು. ಅದಕ್ಕೂ ಇನ್ನೂ ಇಪ್ಪತ್ತೇ ದಿನ. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದುಕೊಡುವ ದೊಡ್ಡ ಲಾಂಡ್ರಿಯಲ್ಲಿ ಅವನು ವ್ಯಾನ್ ಡ್ರೈವರು. ಇಪ್ಪತ್ತು ದಿನದ ಹಿಂದೆ ಒಂದು ಬೆಳಿಗ್ಗೆ ಗೇರಿನ ಹಿಡಿಯನ್ನು ರಿವರ್ಸಿಗೆ ಎಳೆದ. ಹಿಂದಿನ ಬಿಳಿ ದೀಪ ಹತ್ತಿತು, ಇಂಜಿನ್ ಗುರ್ ಎಂದಿತು. ವ್ಯಾನು ಮಾತ್ರ ಕರೆದರೂ ಕೇಳಿಸದವರ ಹಾಗೆ ನಿಂತಲ್ಲೇ ನಿಂತಿತ್ತು. ಅವತ್ತಿನಿಂದ ರಿವರ್ಸು ಅದರ ಪಾಲಿಗೆ ಸತ್ತುಹೋಯಿತು. ಮುಂದಕ್ಕೆ ಮೂರೂ ಗೇರು ಇವೆ, ಹಿಂದಕ್ಕೆ ಒಂದೂ ಇಲ್ಲ.

ಗಿರಿಗಿಟ್ಲೆ ಈ ವಿಷಯವನ್ನು ಯಾರಿಗೂ ಹೇಳಲಿಲ್ಲ, ಹಿಂದಕ್ಕೆ ಹೋಗುವುದನ್ನೇ ಬಿಟ್ಟ. ಮನೆಯ ಗಲ್ಲಿಗೆ ನುಗ್ಗಿದರೆ ಹೊರಬರಲು ಆಗುವುದಿಲ್ಲವೆಂದು ವ್ಯಾನನ್ನು ಸರ್ಕಲ್‌ನಲ್ಲೇ ನಿಲ್ಲಿಸತೊಡಗಿದ. ಅದು ಅಲ್ಲಿ ಮುನಿಸಿಕೊಂಡ ಅಳಿಯನ ಹಾಗೆ ಹೊರಗೇ ನಿಂತಿರುತ್ತಿತ್ತು. ಎದುರುಗಡೆ ಇರುವ ಗೇಟಿಗೆ ಊರನ್ನೇ ಅರ್ಧ ಸುತ್ತಿ ಬರುತ್ತಿದ್ದ. ಲಾಂಡ್ರಿಯ ಅಂಗಳದಲ್ಲಿ ಮೂರು ಸುತ್ತು ಹೊಡೆದು ಮೂತಿ ಹೊರಗೆ ಮಾಡಿ ನಿಲ್ಲಿಸುತ್ತಿದ್ದ. ನೋಡುವಷ್ಟು ನೋಡಿದ ಜನ ಹೆಸರಿಟ್ಟರು.

"ಹೋಗಿ ಇದ್ದದ್ದನ್ನ ಇದ್ದ ಹಾಗೆ ಹೇಳಿಬಿಡ್ರಿ," ಎಂದಳು ಹೆಂಡತಿ, ಹಾಲು ಒಲೆಗಿಡುತ್ತಾ.

"ಮೂರನೇ ವ್ಯಾನಿನವನು ಹೇಳಿದ್ದ. ಈಗ ಎಲ್ಲಿದ್ದಾನೆ ಗೊತ್ತಾ?"

ಹೆಂಡತಿಗೆ ಗೊತ್ತಿತ್ತು. ಹೋದ ವರ್ಷ ಮೂರನೇ ವ್ಯಾನಿನ ಡ್ರೈವರು ಸತ್ಯವಂತನಾಗಿ ಹೋಗಿ "ಸಾರ್, ಗೇರ್ ಪೆಟ್ಟಿಗೆ ಕೆಟ್ಟಿದೆ" ಅಂದಿದ್ದ. "ನೀನು ಅದಕ್ಕೆ ಏನು ಮಾಡಿದೆ?" ಎಂದು ಮ್ಯಾನೇಜರ್ ಕೇಳಿದರು. ವ್ಯಾನು ಗುಜರಿಗೆ ಹೋಯಿತು, ಡ್ರೈವರು ಒಗೆಯುವ ತೊಟ್ಟಿಗೆ ಹೋದ. ಗಿರಿಗಿಟ್ಲೆಗೆ ಆ ತೊಟ್ಟಿ ಯಾರೂ ವಿವರಿಸಿ ಹೇಳಬೇಕಾದ ಜಾಗವಲ್ಲ. ಡ್ರೈವರಾಗುವ ಮೊದಲು ಹದಿನಾಲ್ಕು ವರ್ಷ ಅಲ್ಲೇ ನಿಂತವನು. ಕುದಿ ನೀರು, ಬಿಳುಪು ಪುಡಿ, ಆಸ್ಪತ್ರೆಯ ಬಟ್ಟೆಗಳ ಮೇಲಿನ ಹೇಳಬಾರದ ಕಲೆಗಳು. ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿ, ಅನ್ನ ಕಲಸಿದರೆ ಕೈ ಉರಿಯುತ್ತಿತ್ತು. ಸ್ಟಿಯರಿಂಗ್ ಹಿಡಿದ ಮೇಲೆಯೇ ಅವನ ಕೈ ಒಣಗಿದ್ದು. ಕೆಲವರಿಗೆ ಮನೆ ಕಟ್ಟಿದರೆ ದೊಡ್ಡಸ್ತಿಕೆ, ಕೆಲವರಿಗೆ ಹೊಲ ಕೊಂಡರೆ. ಇವನಿಗೆ ಒಣಗಿದ ಎರಡು ಕೈ.

ಅವನು ಎದ್ದು, ಹಳೇ ಬನಿಯನ್ ತೆಗೆದುಕೊಂಡು ಹೋಗಿ, ಸರ್ಕಲ್‌ನ ಕೆಂಪು ಹನಿಗಳನ್ನು ಕೊಲೆಗಾರನ ಹಾಗೆ ಅತ್ತಿತ್ತ ನೋಡುತ್ತಾ ಒರೆಸಿದ.

ಲಾಂಡ್ರಿಯ ಗೇಟಿನಲ್ಲೇ ರೇಡಿಯೊ ಕಾದಿದ್ದ. ಎರಡನೇ ವ್ಯಾನಿನ ಡ್ರೈವರು. ಆಫೀಸಿನಲ್ಲಿ ನಾಳೆ ಆಗುವುದನ್ನು ಇವತ್ತೇ ಬಿತ್ತರಿಸುವ ಅವನಿಗೆ ಆ ಹೆಸರು ಬಿಟ್ಟು ಬೇರೆ ಯಾವುದೂ ಹೊಂದುತ್ತಿರಲಿಲ್ಲ.

"ಅಣ್ಣ, ಕೇಳಿದ್ಯಾ? ಸಾಯಂಕಾಲ ನಾಲ್ಕಕ್ಕೆ ಪರೀಕ್ಷೆ. ಹೊರಗಿಂದ ಇಂಜಿನಿಯರ್ ಬರ್ತಿದ್ದಾರೆ. ನಿಂದು ನಂದು ಎರಡೂ ವ್ಯಾನು ನೋಡ್ತಾರಂತೆ. ಫೇಲಾದ ವ್ಯಾನು ಗುಜರಿಗೆ."

ಗಿರಿಗಿಟ್ಲೆ ಅವನ ತೋಳು ಹಿಡಿದುಕೊಂಡ. "ಡ್ರೈವರು?"

ರೇಡಿಯೊ ಹಬೆಯಾಡುತ್ತಿದ್ದ ಒಗೆಯುವ ಕೋಣೆಯ ಕಡೆಗೆ ಗಲ್ಲ ತಿರುಗಿಸಿ ತೋರಿಸಿದ. ಆಮೇಲೆ ದನಿ ತಗ್ಗಿಸಿ, "ನಿನ್ನ ರಿವರ್ಸ್ ಹೋಗಿರೋದು ನಂಗೊತ್ತು ಅಣ್ಣ. ಇಪ್ಪತ್ತು ದಿನದಿಂದ ನೋಡ್ತಿದ್ದೀನಿ. ಹೆದರ್ಬೇಡ, ನಾನಿದ್ದೀನಿ. ನಿನ್ನ ಪಾಸ್ ಮಾಡಿಸೋದು ನನ್ನ ಜವಾಬ್ದಾರಿ," ಎಂದ.

ಗಿರಿಗಿಟ್ಲೆಯ ಕಣ್ಣು ತುಂಬಿ ಬಂತು. "ನಿನ್ನ ವ್ಯಾನು?"

"ನಂದು ಹೇಗೋ ಆಗುತ್ತೆ ಬಿಡು. ನಾನಿನ್ನೂ ಚಿಕ್ಕವನು, ತೊಟ್ಟಿಗೆ ಹಾಕಿದ್ರೂ ತಡ್ಕೋತೀನಿ. ನಿನ್ನ ಕೈ ನೋಡು ಅಣ್ಣ, ಈಗ ತಾನೇ ಮನುಷ್ಯರ ಕೈ ಆಗಿದೆ."

ಇಷ್ಟು ಒಳ್ಳೆಯ ಮಾತು ಗಿರಿಗಿಟ್ಲೆಗೆ ಅಣ್ಣ ತಮ್ಮಂದಿರೂ ಆಡಿರಲಿಲ್ಲ.

ಈ ಗುಟ್ಟು ಗುಟ್ಟಾಗಿ ಎಂಟು ನಿಮಿಷ ಇತ್ತು. ಒಂಬತ್ತನೇ ನಿಮಿಷಕ್ಕೆ ಬಾಯ್ಲರ್ ತಾತ ಕಲ್ಲಿದ್ದಲ ಕೈ ಒರೆಸಿಕೊಳ್ಳುತ್ತಾ ಬಂದ. ಅವನ ಹಿಂದೆಯೇ ಮಡಿಕೆ ಅಕ್ಕ ಬಂದಳು. ದಿನಕ್ಕೆ ಎಂಟುನೂರು ಹಾಸುಬಟ್ಟೆ ಮಡಿಸುವ ಆಕೆ ಮಾತಾಡುವಾಗಲೂ ಗಾಳಿಯಲ್ಲಿ ಏನನ್ನೋ ಮಡಿಸುತ್ತಿರುತ್ತಾಳೆ.

"ಮುಂದಕ್ಕೆ ಹೋಗುತ್ತೆ, ಹಿಂದಕ್ಕೆ ಹೋಗಲ್ಲ ಅಂದ್ರೆ ಅದು ಮಂಡಿ," ಎಂದಳು ಮಡಿಕೆ ಅಕ್ಕ. "ನನಗೂ ಹಾಗೇ. ಮೆಟ್ಟಿಲು ಹತ್ತಬಲ್ಲೆ, ಇಳಿಯೋಕೆ ಆಗಲ್ಲ."

"ಮಂಡಿಯೂ ಅಲ್ಲ, ಕತ್ತೂ ಅಲ್ಲ. ಒತ್ತಡ!" ಎಂದ ಬಾಯ್ಲರ್ ತಾತ. ಮೂವತ್ತು ವರ್ಷ ಬಾಯ್ಲರಿನ ಒತ್ತಡ ತೋರಿಸುವ ಒಂದೇ ಮುಳ್ಳನ್ನು ನೋಡುತ್ತಾ ಕುಳಿತವನಿಗೆ ಲೋಕದ ಕಾಯಿಲೆಗಳೆಲ್ಲ ಒತ್ತಡದಿಂದಲೇ. "ಎಣ್ಣೆ ಜಾಸ್ತಿ ಆಗಿದೆ, ಅದಕ್ಕೇ ಹೊರಗೆ ಕಾರ್ತಿದೆ. ಎಲ್ಲಿ, ಅಳತೆ ಕಡ್ಡಿ ಎಳಿ."

ಇಂಜಿನ್ ಆರಿತ್ತು. ಕಡ್ಡಿ ಎಳೆದು ನೋಡಿದರೆ ಎಣ್ಣೆ ಮೇಲಿನ ಗೆರೆಗಿಂತ ಬೆರಳಗಲ ಮೇಲೆಯೇ ಇತ್ತು. ತಾತ ಗೆದ್ದವನ ಹಾಗೆ ಎಲ್ಲರ ಮುಖ ನೋಡಿದ. ಸಪೂರ ರಬ್ಬರ್ ಕೊಳವೆ ಇಳಿಬಿಟ್ಟು, ಬಾಯಿಂದ ಎಳೆದು, ಒಂದು ಗುಟುಕು ತಾನೇ ನುಂಗಿ, ಥೂ ಥೂ ಎನ್ನುತ್ತಲೇ ಒಂದು ಲೀಟರ್ ಹೊರಗೆ ತೆಗೆದ. ರೇಡಿಯೊ ಅಷ್ಟು ಹೊತ್ತಿಗೆ ಆಫೀಸಿಗೆ ಹೋಗಿದ್ದರಿಂದ, ಈ ಎಣ್ಣೆಯನ್ನು ಇಂಜಿನ್ ಓಡುವಾಗ, ಬಿಸಿಯಾದ ಮೇಲೆ ಅಳೆಯಬೇಕೆಂದು ಹೇಳುವವರು ಯಾರೂ ಅಲ್ಲಿರಲಿಲ್ಲ.

ಒಂದು ಲೀಟರ್ ಕಳೆದುಕೊಂಡ ವ್ಯಾನು ಈಗ ಮುಂದಕ್ಕೆ ಹೋಗಲೂ ಬೇಸರ ತೋರಿಸತೊಡಗಿತು. ಕಾಲಿಟ್ಟು ಒತ್ತಿದರೆ ಇಂಜಿನ್ ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತಿತ್ತು. ಚಕ್ರಗಳು ಮಾತ್ರ, ಅದು ನಮಗೆ ಹೇಳಿದ್ದಲ್ಲ ಎಂಬಂತೆ ನಿಧಾನವಾಗಿ ಉರುಳುತ್ತಿದ್ದವು. ಸೈಕಲ್ಲಿನವರು ಹಿಂದೆ ಹಾಕಿದರು. ಒಬ್ಬ ಮುದುಕ ನಡೆದುಕೊಂಡೇ ಹಿಂದೆ ಹಾಕಿ, ಹಾಕಿದ ಮೇಲೆ ತಿರುಗಿ ನೋಡಿ ನಕ್ಕ.

ಹನ್ನೊಂದಕ್ಕೆ ಕಣ್ಣಾಸ್ಪತ್ರೆ ತಲುಪಿದ. ಹಿಂದಿನ ಬಾಗಿಲಿಗೆ ಹೋಗುವ ದಾರಿ ಒಂದೇ ಗಾಡಿ ಹಿಡಿಸುವಷ್ಟು ಕಿರಿದು. ಒಗೆದ ಬಟ್ಟೆಯ ಗಂಟು ಇಳಿಸಿ, ಕೊಳೆಬಟ್ಟೆಯ ಗಂಟು ತುಂಬಿಕೊಂಡು, ಎದುರಿನ ಸಣ್ಣ ಗೇಟಿನಿಂದ ಮುಂದಕ್ಕೇ ಹೊರಬೀಳುವುದು ಅವನ ಇಪ್ಪತ್ತು ದಿನದ ಯೋಜನೆ. ಇವತ್ತು ಗಂಟು ತುಂಬಿ ಹತ್ತಿ ಕೂತು ನೋಡುತ್ತಾನೆ, ಆ ಸಣ್ಣ ಗೇಟಿನ ತುಂಬ ಒಂದು ಆಂಬುಲೆನ್ಸು ಒಳಕ್ಕೆ ಮೂತಿ ಹಾಕಿದೆ.

ಕಾವಲುಗಾರ ಕೋಲು ಬೀಸಿದ. "ಹಿಂದೆ ಹೋಗಪ್ಪ!"

"ಅವರನ್ನೇ ಹಿಂದೆ ಹೋಗೋಕೆ ಹೇಳಣ್ಣ."

"ಪೇಷಂಟ್ ಒಳಗಿದ್ದಾರೆ, ಅವರು ಹಿಂದೆ ಹೋಗ್ಬೇಕಾ? ನೀನು ಕೊಳೆಬಟ್ಟೆ ಇಟ್ಕೊಂಡು ಮುಂದೆ ಹೋಗ್ಬೇಕಾ? ತೆಗಿ ಹಿಂದೆ!"

ಆಂಬುಲೆನ್ಸು ಕೂಗತೊಡಗಿತು. ಗಿರಿಗಿಟ್ಲೆ ಹಿಡಿಯನ್ನು ರಿವರ್ಸಿಗೆ ಎಳೆದ. ದೀಪ ಹತ್ತಿತು, ಇಂಜಿನ್ ಗುರ್ ಎಂದಿತು, ಅಷ್ಟೇ. ಕಿಟಕಿಗಳಿಂದ ತಲೆಗಳು ಇಣುಕಿದವು. ಅವನ ಬೆನ್ನ ಮೇಲೆ ಬೆವರು ಇರುವೆ ಸಾಲಿನ ಹಾಗೆ ಇಳಿಯಿತು.

"ಏನಯ್ಯ, ಓಡಿಸೋಕೆ ಬರುತ್ತೋ ಇಲ್ವೋ?"

"ಬರುತ್ತಣ್ಣ. ಇದಕ್ಕೇ ಬರಲ್ಲ."

ಕೊನೆಗೆ ಕಾವಲುಗಾರ, ಇಬ್ಬರು ಆಯಾಗಳು, ಔಷಧಿ ಚೀಟಿ ಹಿಡಿದು ನಿಂತಿದ್ದ ನಾಲ್ವರು ಸೇರಿ ಮುಂದಿನಿಂದ ಒತ್ತಿದರು. ನಿನ್ನೆ ತಾನೇ ಕಣ್ಣಿನ ಆಪರೇಷನ್ ಆಗಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಒಬ್ಬ ಹಿರಿಯರು ಮೆಟ್ಟಿಲ ಮೇಲೆ ನಿಂತು, "ಬನ್ನಿ ಬನ್ನಿ, ಸ್ವಲ್ಪ ಎಡಕ್ಕೆ, ಬನ್ನಿ," ಎಂದು ದಾರಿ ತೋರಿಸಿದರು. ಅವರ ಮಾತು ಕೇಳಿದ್ದಕ್ಕೆ ಒಂದು ಹೂಕುಂಡ ಹೋಯಿತು.

ಆದರೆ ಅಲ್ಲೇ ಒಂದು ಚಮತ್ಕಾರವೂ ನಡೆಯಿತು. ಹಿಂದಿನ ಚಕ್ರಗಳು ಗಾಲಿಕುರ್ಚಿಯವರಿಗಾಗಿ ಕಟ್ಟಿದ ಇಳಿಜಾರಿಗೆ ತಾಗಿದ್ದೇ ತಡ, ವ್ಯಾನು ತಾನಾಗಿಯೇ ಹಿಂದಕ್ಕೆ ಜಾರತೊಡಗಿತು. ಹಿಡಿ ರಿವರ್ಸಿನಲ್ಲೇ ಇತ್ತು, ಬಿಳಿ ದೀಪ ಉರಿಯುತ್ತಿತ್ತು, ವ್ಯಾನು ಕೆನೆಯ ಮೇಲಿನ ಚಮಚದ ಹಾಗೆ ಮೆಲ್ಲಗೆ ಹಿಂದೆ ಸರಿಯಿತು.

"ಈಗ ಬಂತಲ್ಲ ರಿವರ್ಸು! ಇಷ್ಟು ಹೊತ್ತು ಏನು ನಾಟಕ ನಿಂದು?" ಎಂದು ಕಾವಲುಗಾರ ಬೈದ.

ಗಿರಿಗಿಟ್ಲೆಗೆ ಬೈಗುಳ ಕೇಳಿಸಲಿಲ್ಲ. ಅವನ ತಲೆಯೊಳಗೆ ಆ ಕ್ಷಣಕ್ಕೆ ಲಾಂಡ್ರಿಯ ಅಂಗಳ ಎದ್ದು ನಿಂತಿತ್ತು. ಒಗೆದ ನೀರು ಹರಿದು ಹೋಗಲೆಂದು ಇಡೀ ಅಂಗಳವನ್ನು ಬಾಯ್ಲರ್ ಕಡೆಯಿಂದ ಮೋರಿಯ ಕಡೆಗೆ ಇಳಿಸಿ ಕಟ್ಟಿದ್ದಾರೆ. ಮೂತಿ ಬಾಯ್ಲರಿನ ಕಡೆಗಿಟ್ಟು ನಿಲ್ಲಿಸಿದರೆ? ಹದಿನಾಲ್ಕು ವರ್ಷ ಆ ಇಳಿಜಾರಿನಲ್ಲಿ ಕೊಳೆನೀರು ಹೋಗುವುದನ್ನು ನೋಡಿದ್ದಾನೆ. ಇವತ್ತು ತಾನೂ ಹೋಗಿಬಿಟ್ಟರೆ ಆಯಿತು!

ಜೀವನದಲ್ಲಿ ಅವನಿಗೆ ಬಂದ ಒಂದೇ ಒಂದು ಒಳ್ಳೆಯ ಯೋಚನೆ ಅದು. ಬರದೇ ಇದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಎರಡು ಗಂಟೆಗೆ ಲಾಂಡ್ರಿಯ ಹಿಂಭಾಗದಲ್ಲಿ, ಒಣಗಲು ಹಾಕಿದ ಬಿಳಿ ಬಟ್ಟೆಗಳ ಮರೆಯಲ್ಲಿ, ವ್ಯಾನಿನ ಚಿಕಿತ್ಸೆ ನಡೆಯಿತು. ತಾತ ತೆಗೆದದ್ದನ್ನು ಕೇಳಿ ರೇಡಿಯೊ ಹಣೆ ಬಡಿದುಕೊಂಡ.

"ಇಂಜಿನ್ ಆಫ್ ಮಾಡಿ ಯಾರಾದ್ರೂ ಅಳೀತಾರಾ ತಾತ? ಓಡುವಾಗ ಎಣ್ಣೆ ಮೇಲೆ ಹೋಗಿ ಗೇರುಗಳ ಒಳಗೆ ತುಂಬ್ಕೊಳುತ್ತೆ. ನಿಂತಾಗ ಎಲ್ಲಾ ಕೆಳಗಿಳಿದು ಜಾಸ್ತಿ ಇದ್ದ ಹಾಗೆ ಕಾಣುತ್ತೆ."

"ನನ್ನ ಬಾಯ್ಲರ್ ಹಾಗಲ್ಲಪ್ಪ," ಎಂದ ತಾತ. ಬೆಳಗಿನ ಗುಟುಕಿನಿಂದ ಅವನಿಗಿನ್ನೂ ತೇಗು ಬರುತ್ತಿತ್ತು.

ರೇಡಿಯೊ ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದ. "ಸುಟ್ಟ ವಾಸನೆ. ಇಂಜಿನಿಯರ್ ಮೊದಲು ಮೂಸೋದೇ ಇದನ್ನ. ಸುಟ್ಟಿದ್ರೆ ಒಳಗಿನ ಪ್ಲೇಟುಗಳು ಹೋಗಿವೆ ಅಂತ ಲೆಕ್ಕ, ಅಲ್ಲಿಗೇ ಫೇಲು." ಅವನು ವ್ಯಾನಿನ ಕೆಳಗೆ ತಾನೇ ನುಗ್ಗಿ, ಬೋಲ್ಟು ಬಿಚ್ಚಿ, ಬೆಳಿಗ್ಗೆಗಿಂತ ಇನ್ನಷ್ಟು ಸುಟ್ಟು ಪೂರಾ ಕಪ್ಪಾಗಿದ್ದ ಎಣ್ಣೆಯನ್ನು ಅರ್ಧ ಬಕೆಟ್ ಇಳಿಸಿದ. ತನ್ನ ವ್ಯಾನಿಗೆಂದು ತೆಗೆದಿಟ್ಟಿದ್ದ ಹೊಸ ಎಣ್ಣೆಯ ಡಬ್ಬಿಗಳನ್ನು ತಂದು ಇದಕ್ಕೆ ಸುರಿದ.

"ತಮ್ಮಾ, ನಿನ್ನ ಗಾಡಿಗೆ?"

"ನಂಗೆ ಯಾಕೆ ಬಿಡಣ್ಣ." ರೇಡಿಯೊ ಕಪ್ಪು ಎಣ್ಣೆಯ ಬಕೆಟ್ ಎತ್ತಿಕೊಂಡ. "ಇದನ್ನ ನಾನೇ ಎಲ್ಲಾದ್ರೂ ಹಾಕಿ ಬರ್ತೀನಿ, ಯಾರ ಕಣ್ಣಿಗೂ ಬೀಳಬಾರದು."

ಒಳಗೆ ಉಳಿದಿದ್ದ ಹಳೇ ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಆಗ ಮಡಿಕೆ ಅಕ್ಕ ಬಟ್ಟೆ ಜಾಲಿಸುವ ಕೊನೇ ನೀರಿಗೆ ಹಾಕುವ ಗುಲಾಬಿ ಪರಿಮಳದ ಸೀಸೆ ತಂದಳು. "ಸುಟ್ಟ ಬಟ್ಟೆಯ ವಾಸನೆಯೇ ಹೋಗುತ್ತೆ, ಇದ್ಯಾವ ಮಹಾ!" ಎಂದು, ಬೇಡ ಬೇಡ ಎನ್ನುವುದರೊಳಗೆ ಎರಡು ಮುಚ್ಚಳ ಸುರಿದೇಬಿಟ್ಟಳು. ಆಮೇಲೆ ಸೋರುವ ಜಾಗಕ್ಕೆ ನಾಲ್ಕು ಮಡಿಕೆ ಮಾಡಿದ ಆಸ್ಪತ್ರೆಯ ಟವೆಲ್ಲನ್ನು ಮಗುವಿಗೆ ಕಟ್ಟುವ ಹಾಗೆ ಕಟ್ಟಿಕೊಟ್ಟಳು.

"ಇನ್ನು ರಿವರ್ಸು?" ಎಂದ ತಾತ.

"ಅದು ನನಗೆ ಬಿಡಿ," ಎಂದ ಗಿರಿಗಿಟ್ಲೆ. ಇಪ್ಪತ್ತು ದಿನದಲ್ಲಿ ಮೊದಲ ಸಲ ಅವನು ನಕ್ಕ. ಇಳಿಜಾರಿನ ಉಪಾಯ ಕೇಳಿ ರೇಡಿಯೊ ಅವನನ್ನು ತಬ್ಬಿಕೊಂಡು, "ಅಣ್ಣ, ನೀನು ಪಾಸಾದೆ ಅಂತಲೇ ತಿಳ್ಕೋ," ಎಂದ. ಅವನ ಮುಖದಲ್ಲಿದ್ದ ಸಂತೋಷ ಗಿರಿಗಿಟ್ಲೆಯ ಸಂತೋಷಕ್ಕಿಂತ ದೊಡ್ಡದಿತ್ತು.

ಸರಿಯಾಗಿ ನಾಲ್ಕಕ್ಕೆ ಇಂಜಿನಿಯರ್ ಬಂದರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಕಾಗದ, ಕಿವಿಯ ಮೇಲೆ ಪೆನ್ಸಿಲ್. ಪಕ್ಕದಲ್ಲಿ ಮ್ಯಾನೇಜರ್. ಬಟ್ಟೆ ಮಡಿಸುವವರು, ಇಸ್ತ್ರಿಯವರು, ತೊಟ್ಟಿಯವರು ಎಲ್ಲರೂ ಕೈಕೆಲಸ ಬಿಟ್ಟು ಕಟ್ಟೆಯ ಮೇಲೆ ಸಾಲಾಗಿ ನಿಂತರು. ತೊಟ್ಟಿಯ ಬಾಗಿಲಲ್ಲಿ ಮೂರನೇ ವ್ಯಾನಿನ ಹಳೇ ಡ್ರೈವರು ಕೆಂಪಾದ ಕೈಗಳನ್ನು ಸೊಂಟಕ್ಕೆ ಒರೆಸುತ್ತಾ ನಿಂತಿದ್ದ. ಗಿರಿಗಿಟ್ಲೆ ಆ ಕೈಗಳನ್ನು ನೋಡದಿರಲು ಪ್ರಯತ್ನಿಸಿದ.

ಮೊದಲು ರೇಡಿಯೊನ ವ್ಯಾನು. ಅಯ್ಯೋ, ಅದರ ಪಾಡು ನೋಡುವ ಹಾಗಿರಲಿಲ್ಲ. ಇಂಜಿನಿಯರ್ ಅಳತೆ ಕಡ್ಡಿ ಎಳೆದು ಮೂಸಿ, ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಮೊದಲನೇ ಗೇರಿನಿಂದ ಎರಡನೆಯದಕ್ಕೆ ಹೋಗುವಾಗ ಅದು ಕುಪ್ಪಳಿಸಿತು, ಎರಡರಿಂದ ಮೂರಕ್ಕೆ ಹೋಗಲೇ ಇಲ್ಲ. ನಿಂತ ಜಾಗದಲ್ಲಿ ಕಪ್ಪು ಎಣ್ಣೆಯ ಕೆರೆ ಕಟ್ಟಿತು.

"ಯಾವಾಗಿಂದ ಹೀಗೆ?" ಎಂದು ಕೇಳಿದರು ಇಂಜಿನಿಯರ್.

"ಬಹಳ ದಿನದಿಂದ ಸಾರ್. ಹೇಗೋ ತಳ್ಕೊಂಡು ಬಂದೆ. ಕಂಪನಿಗೆ ತೊಂದರೆ ಆಗಬಾರದು ಅಂತ," ಎಂದು ರೇಡಿಯೊ ತಲೆ ತಗ್ಗಿಸಿದ.

ತನ್ನ ಎಣ್ಣೆಯನ್ನೆಲ್ಲ ಇನ್ನೊಬ್ಬನಿಗೆ ಸುರಿದು ತಾನು ಮುಳುಗುವವನನ್ನು ಗಿರಿಗಿಟ್ಲೆ ಕತೆಗಳಲ್ಲಿ ಕೇಳಿದ್ದನೇ ಹೊರತು ಕಣ್ಣಾರೆ ಕಂಡಿರಲಿಲ್ಲ.

ಆಮೇಲೆ ತನ್ನ ಸರದಿ. ಮೂತಿ ಬಾಯ್ಲರಿನ ಕಡೆ. ಇಂಜಿನಿಯರ್ ಕಡ್ಡಿ ಎಳೆದು ಮೂಸಿದರು. ಹುಬ್ಬು ಮೇಲೇರಿತು. ಇನ್ನೊಮ್ಮೆ ಮೂಸಿದರು.

"ಇಪ್ಪತ್ತೆರಡು ವರ್ಷದಿಂದ ಗೇರ್ ಪೆಟ್ಟಿಗೆ ಮೂಸ್ತಾ ಇದ್ದೀನಿ. ಇಂಥ ಎಣ್ಣೆ ನೋಡಿಲ್ಲ. ನೀವೇ ನೋಡಿ ಸಾರ್."

ಮ್ಯಾನೇಜರ್ ಮೂಸಿದರು, ಕಣ್ಣು ಮುಚ್ಚಿದರು. "ಹೂವಿನ ತೋಟದಲ್ಲಿ ನಿಂತ ಹಾಗಿದೆಯಲ್ರೀ!"

ಕೆಳಗೆ ಬಗ್ಗಿ ನೋಡಿದರು. ಒಂದು ಹನಿಯೂ ಇಲ್ಲ. ಟವೆಲ್ಲು ತನ್ನ ಕೆಲಸ ಮಾಡುತ್ತಿತ್ತು. ಹೊಸ ಎಣ್ಣೆ ಕುಡಿದ ವ್ಯಾನು ಮೂರು ಗೇರನ್ನೂ ತಕರಾರಿಲ್ಲದೆ ದಾಟಿತು.

"ಈಗ ರಿವರ್ಸ್. ಮೋರಿಯವರೆಗೆ ಬನ್ನಿ."

ಗಿರಿಗಿಟ್ಲೆ ಹಿಡಿಯನ್ನು ಎಳೆದ. ದೀಪ ಹತ್ತಿತು. ಬ್ರೇಕಿನ ಮೇಲಿದ್ದ ಕಾಲನ್ನು, ಮಲಗಿದ ಮಗುವಿನ ತಲೆಯ ಕೆಳಗಿನಿಂದ ಕೈ ತೆಗೆಯುವ ಹಾಗೆ, ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿದ. ವ್ಯಾನು ಹಿಂದಕ್ಕೆ ಹೊರಟಿತು. ಸದ್ದಿಲ್ಲ, ನಡುಕವಿಲ್ಲ, ರಾಜಮನೆತನದ ಪಲ್ಲಕ್ಕಿಯ ಹಾಗೆ ಬಂದು ಮೋರಿಯ ಅಂಚಿಗೆ ಗೇಣು ದೂರದಲ್ಲಿ ನಿಂತಿತು. ಕಟ್ಟೆಯ ಮೇಲಿದ್ದವರು ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಹೊಡೆದವನು ರೇಡಿಯೊ.

"ರಿವರ್ಸು ಅತ್ಯುತ್ತಮ," ಎಂದು ಇಂಜಿನಿಯರ್ ಓದಿಕೊಂಡೇ ಬರೆದರು. "ಇಲ್ಲಿ ಸಹಿ ಹಾಕಿ. ವಾಹನದಲ್ಲಿ ಯಾವುದೇ ದೋಷವಿಲ್ಲ ಅಂತ."

ಗಿರಿಗಿಟ್ಲೆ ಸಹಿ ಹಾಕಿದ. ಕೈ ಒಣಗಿತ್ತು, ಪೆನ್ಸಿಲ್ ಜಾರಲಿಲ್ಲ.

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. "ಎಲ್ಲರೂ ಕೇಳಿ. ಬಟ್ಟೆ ಹೊತ್ತಿಗೆ ಬರ್ತಿಲ್ಲ ಅಂತ ಆಸ್ಪತ್ರೆಗಳಿಂದ ದೂರು ಬಂದ ಮೇಲೆ ಯಜಮಾನರು ಒಂದು ಹೊಸ ವ್ಯಾನು ತರಿಸಿದ್ದಾರೆ. ನಾಳೆ ಬೆಳಿಗ್ಗೆ ಬರುತ್ತೆ. ಯಾರ ಗಾಡಿ ಹೆಚ್ಚು ಕೆಟ್ಟಿದೆಯೋ ಅವರಿಗೆ ಕೊಡ್ಬೇಕು ಅಂತಲೇ ಈ ಪರೀಕ್ಷೆ." ಅವರು ರೇಡಿಯೊನ ಬೆನ್ನು ತಟ್ಟಿದರು. "ಇಂಥ ಗಾಡೀಲಿ ಇಷ್ಟು ದಿನ ದುಡಿದಿದ್ದಾನೆ ಪಾಪ. ಹೊಸದು ಇವನಿಗೆ."

ಚಪ್ಪಾಳೆ ಇನ್ನೊಮ್ಮೆ ಬಿತ್ತು. ಗಿರಿಗಿಟ್ಲೆಯ ಎರಡು ಕೈಗಳೂ ಒಂದಕ್ಕೊಂದು ತಾಗುವ ಮೊದಲೇ ಗಾಳಿಯಲ್ಲಿ ನಿಂತುಬಿಟ್ಟವು. ಅವನು ಕಪ್ಪು ಎಣ್ಣೆಯ ಕೆರೆಯನ್ನು ನೋಡಿದ. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಯ ಪರಿಚಯ ಅವನಿಗೆ ಚೆನ್ನಾಗಿಯೇ ಇತ್ತು. ಇಪ್ಪತ್ತು ದಿನ ಅದರ ಮೇಲೆಯೇ ಕೂತು ಓಡಾಡಿದ್ದ. ಆ ಅರ್ಧ ಬಕೆಟ್ಟನ್ನು ರೇಡಿಯೊ ಎಲ್ಲಿ ಹಾಕಿ ಬಂದಿದ್ದನೆಂಬುದು ಈಗ ತಿಳಿಯಿತು.

ಅವನು ರೇಡಿಯೊನನ್ನು ಗೋಡೆಯ ಪಕ್ಕಕ್ಕೆ ಎಳೆದ. "ನಿಂಗೆ ಮೊದಲೇ ಗೊತ್ತಿತ್ತಾ?"

ರೇಡಿಯೊ ಸುಳ್ಳು ಹೇಳಲಿಲ್ಲ. ಅದೇ ಹೆಚ್ಚು ನೋವು ಕೊಟ್ಟಿತು. "ಸೋಮವಾರವೇ ಗೊತ್ತಿತ್ತಣ್ಣ. ನಿನ್ನ ಗಾಡಿ ಪಕ್ಕ ನನ್ನ ಗಾಡಿ ನಿಲ್ಲಿಸಿದ್ರೆ ನಂದು ಮದುಮಗನ ಹಾಗಿತ್ತು. ಇರೋದು ಒಂದು ಹೊಸ ವ್ಯಾನು, ನಾವಿಬ್ಬರು. ಏನು ಮಾಡ್ಲಿ ಹೇಳು?"

"ಅಣ್ಣ ಅಂದೆಯಲ್ಲೋ."

"ಈಗಲೂ ಅಣ್ಣನೇ," ಎಂದ ರೇಡಿಯೊ. ಅವನ ದನಿಯಲ್ಲಿ ಬೆಳಗಿನಷ್ಟೇ ಪ್ರೀತಿ ಇತ್ತು.

ಗಿರಿಗಿಟ್ಲೆ ಮ್ಯಾನೇಜರ್ ಹತ್ತಿರ ಹೋಗಿ ನಿಂತ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಸಾರ್, ನನ್ನ ವ್ಯಾನಿಗೆ ರಿವರ್ಸ್ ಇಲ್ಲ."

ಮ್ಯಾನೇಜರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೊಸ ವ್ಯಾನು ಅಂದ ಕೂಡಲೇ ರಿವರ್ಸ್ ಹೋಯ್ತಾ?"

"ಇಲ್ಲ ಸಾರ್, ಇಪ್ಪತ್ತು ದಿನದಿಂದ..."

"ನಾನು ಕಣ್ಣಾರೆ ನೋಡಿದೆನಲ್ಲಯ್ಯ! ಇಂಜಿನಿಯರ್ ನೋಡಿದ್ರು, ಇಡೀ ಲಾಂಡ್ರಿ ನೋಡ್ತು. ನೀನೇ ಸಹಿ ಹಾಕಿದ್ದೀಯ. ಈಗ ಕೆಟ್ಟಿದೆ ಅಂದ್ರೆ, ಈ ಹತ್ತು ನಿಮಿಷದಲ್ಲಿ ನೀನೇ ಏನೋ ಮಾಡಿರಬೇಕು." ಅವರು ತೊಟ್ಟಿಯ ಕಡೆಗೆ ಒಮ್ಮೆ ನೋಡಿದರು. "ಏನಾದ್ರೂ ಮಾಡಿದ್ದೀಯಾ?"

ಗಿರಿಗಿಟ್ಲೆಯೂ ಆ ಕಡೆ ನೋಡಿದ. ಬಾಗಿಲಲ್ಲಿ ಹಬೆ. ಹಬೆಯೊಳಗೆ ಎರಡು ಕೆಂಪು ಕೈ ಬಟ್ಟೆ ಹಿಂಡುತ್ತಿದ್ದವು.

"ಇಲ್ಲ ಸಾರ್. ಸುಮ್ಮನೆ ಹೇಳಿದೆ."

"ಹಾಗೆ ಬಾ ದಾರಿಗೆ." ಮ್ಯಾನೇಜರ್ ಮುಖ ಮತ್ತೆ ಅರಳಿತು. "ಬೇಜಾರು ಮಾಡ್ಕೋಬೇಡ. ನಿನ್ನ ಕೈಚಳಕ ನೋಡಿದ ಮೇಲೆ ನಿನಗೂ ಒಂದು ಯೋಚನೆ ಮಾಡಿದ್ದೀನಿ. ಹಳೇ ಹೆರಿಗೆ ಆಸ್ಪತ್ರೆ ಇದೆಯಲ್ಲ, ಅದರ ಗಲ್ಲಿ ಗೊತ್ತಾ? ಎರಡು ಕಡೆ ಗೋಡೆ, ಒಳಗೆ ತಿರುಗಿಸೋಕೆ ಜಾಗ ಇಲ್ಲ. ಬಾಯಿಂದ ಬುಡದವರೆಗೆ ರಿವರ್ಸಲ್ಲೇ ಹೋಗ್ಬೇಕು. ಇಷ್ಟು ದಿನ ಯಾವ ಡ್ರೈವರೂ ಒಪ್ಪಿರಲಿಲ್ಲ, ಗಂಟು ತಲೆ ಮೇಲೆ ಹೊರಿಸ್ತಿದ್ವಿ. ನಾಳೆಯಿಂದ ನೀನು. ದಿನಕ್ಕೆ ಮೂರು ಸಲ."

ಎಲ್ಲ ಮುಗಿಯಿತೆಂದುಕೊಂಡ ಗಿರಿಗಿಟ್ಲೆಗೆ ಆಸೆಯ ಒಂದು ಸಣ್ಣ ಎಳೆ ಮಾತ್ರ ಉಳಿದಿತ್ತು. ಅದನ್ನೇ ಹಿಡಿದುಕೊಂಡು ಮೆಲ್ಲಗೆ ಕೇಳಿದ:

"ಸಾರ್, ಆ ಗಲ್ಲಿ... ಒಳಗೆ ಹೋಗ್ತಾ ಇಳಿಜಾರಾ?"

"ಏರು ಕಣಯ್ಯ. ಮಳೆ ನೀರು ಆಸ್ಪತ್ರೆಗೆ ನುಗ್ಗಬಾರದು ಅಂತ ಚೆನ್ನಾಗಿ ಎತ್ತರಿಸಿ ಕಟ್ಟಿದ್ದಾರೆ," ಎಂದು ಮ್ಯಾನೇಜರ್ ಅವನ ಭುಜದ ಮೇಲೆ ಕೈಯಿಟ್ಟರು. "ಆದರೆ ನಿನ್ನ ರಿವರ್ಸಿಗೆ ಏರೇನು, ಇಳಿಜಾರೇನು!"